ಅತ್ತೆ, ಹಸಿರು!

ತೂಕದ ಯಂತ್ರ ಮಾಡುವ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ಕಾವಲಕ್ಕ ಅಂತಲೇ ಕರೆಯುತ್ತಿದ್ದರು. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಹಲ್ಲು ಕಡಿದುಕೊಂಡು. ಯಾಕೆ ಅಂತೀರಾ? ಜನರೆಲ್ಲ ಆಫೀಸು ಬಿಟ್ಟು ಮನೆ ಸೇರಿ, ಒಬ್ಬರು ಊಟದ ಮೇಜಿನ ಮೇಲೆ, ಒಬ್ಬರು ಮಂಚದ ಮೇಲೆ, ಇನ್ನೊಬ್ಬರು ಇಸ್ತ್ರಿ ಮಾಡುವ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಕಾಲ ಬಂತಲ್ಲ, ಆಗ ಅಷ್ಟೂ ಮನೆಗಳಿಂದ ಕಂಪನಿಯ ಕಂಪ್ಯೂಟರಿಗೆ ಹೋಗುವ ದಾರಿಗೆ ಬಾಗಿಲಿಟ್ಟು, ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತವಳು ಅವಳೇ.

ಬೀಗ ಒಂದಲ್ಲ, ಎರಡು. ಮೊದಲು ಪಾಸ್‌ವರ್ಡ್ ಹಾಕಬೇಕು. ಹಾಕಿದ ತಕ್ಷಣ ನಿಮ್ಮ ಫೋನು ಟಿಣ್ ಅಂತ ಕೇಳುತ್ತದೆ: ‘ಒಳಗೆ ಬರುತ್ತಿರುವುದು ನೀವೇನಾ?’ ಹೌದಾದರೆ ಹಸಿರು ಗುಂಡಿ, ಅಲ್ಲವಾದರೆ ಕೆಂಪು. ಹಸಿರು ಒತ್ತಿದರೆ ಬಾಗಿಲು ತೆರೆಯುತ್ತದೆ. ಮೂರು ಸಲ ಕೆಂಪು ಬಿತ್ತೋ, ಮುಗೀತು, ಖಾತೆಗೆ ಬೀಗ. ಆ ಬೀಗ ತೆಗೆಸಬೇಕಾದರೆ ಆಸಾಮಿ ಖುದ್ದಾಗಿ ಆಫೀಸಿಗೆ ಹೋಗಿ ಮುಖ ತೋರಿಸಬೇಕು. ಈ ಕೊನೆಯ ಕಾನೂನು ಇದೆಯಲ್ಲ, ಅದು ಕಾವಲಕ್ಕನ ಸ್ವಂತ ತಲೆಯಿಂದ ಹುಟ್ಟಿದ್ದು. ಆಫೀಸಿನ ದೊಡ್ಡ ಕಂಪ್ಯೂಟರುಗಳಿರುವ ಮೆಷಿನ್‌ರೂಮ್ ನೋಡಿಕೊಳ್ಳುವವನು ಒಂದು ಸಲ ಜ್ವರದ ಮಂಪರಿನಲ್ಲಿ ಮೂರು ಸಲವೂ ಕೆಂಪೇ ಒತ್ತಿ, “ಅಕ್ಕಾ, ಮೈ ಕೆಂಡದ ಹಾಗೆ ಸುಡ್ತಾ ಇದೆ, ಇದೊಂದು ಸಲ ಫೋನಲ್ಲೇ ತೆಗೆದುಬಿಡಿ” ಅಂತ ಗೋಗರೆದಿದ್ದ. “ಮಫ್ಲರ್ ಸುತ್ಕೊಂಡು ಹೋಗಿ ಮುಖ ತೋರಿಸು. ರೂಲ್ ಅಂದ್ರೆ ರೂಲ್” ಅಂದಿದ್ದಳು. ಅವನು ಹೋದ, ಮುಖ ತೋರಿಸಿದ, ಆ ಮಾತನ್ನು ಮಾತ್ರ ಮರೆಯಲಿಲ್ಲ.

ಇಂಥ ಕಾವಲಕ್ಕನ ಮನೆಯಲ್ಲಿ ಏನು ನಡೀತಿತ್ತು ಕೇಳಿ. ಹೇಳೋದು ವೇದ, ಹಾಕೋದು ಗಾಳ ಅಂತಾರಲ್ಲ, ಅದು.

ಅವಳು ಕೂರುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ. ಅಲ್ಲಿ ಫೋನಿಗೆ ಸಿಗ್ನಲ್ಲೇ ಬರುತ್ತಿರಲಿಲ್ಲ. ಬರುವುದು ನಡುಮನೆಯ ಕಿಟಕಿಯ ಹತ್ತಿರ ಮಾತ್ರ, ಅತ್ತೆಯ ಕುರ್ಚಿಯ ಪಕ್ಕ. ಹಾಗಾಗಿ ಫೋನಿಗೆ ಅತ್ತೆಯ ಸ್ಟೂಲಿನ ಮೇಲೆ, ಕನ್ನಡಕ ಮತ್ತು ಮಾತ್ರೆ ಡಬ್ಬಿಯ ನಡುವೆ ಜಾಗ. ಮನೆಯ ಇಂಟರ್ನೆಟ್ಟೋ, ಅದಕ್ಕೆ ಮನಸ್ಸು ಬಂದಾಗ ಇರುತ್ತದೆ, ಬೇಸರ ಬಂದಾಗ ಹೋಗುತ್ತದೆ. ಹೋಗಿ ಬಂದಾಗಲೆಲ್ಲ ಫೋನು ‘ನೀವೇನಾ?’ ಅನ್ನುತ್ತದೆ. ಮೊದಮೊದಲು ಕಾವಲಕ್ಕ ಪ್ರತಿ ಸಲ ಎದ್ದು ಓಡಿಬಂದು ಗುಂಡಿ ಒತ್ತಿ ಹೋಗುತ್ತಿದ್ದಳು. ಎಷ್ಟು ದಿನ ಅಂತ ಓಡ್ತಾಳೆ? ಒಂದು ದಿನ ಸೊಂಟ ಹಿಡಿದುಕೊಂಡು ಹೇಳಿಯೇಬಿಟ್ಟಳು: “ಅತ್ತೆ, ನಾನು ಒಳಗಿಂದ ಕೂಗ್ತೀನಿ. ನೀವು ಈ ಹಸಿರು ಒತ್ತಿಬಿಡಿ ಸಾಕು.”

ಅಂದಿನಿಂದ ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಕೂಗು. “ಅತ್ತೆ, ಹಸಿರು!” “ಒತ್ತಿದೆ ಕಣೇ!” ಅತ್ತೆಗೂ ಇದರಿಂದ ಭಾರಿ ಹಿಗ್ಗು. ಕೆಳಗಿನ ಮನೆಯಾಕೆ ಮಾತಾಡಿಸಲು ಬಂದರೆ, “ಸ್ವಲ್ಪ ಇರಮ್ಮ, ನಾನು ಡ್ಯೂಟಿ ಮೇಲಿದೀನಿ. ನಾನು ಒತ್ತದೇ ಇದ್ರೆ ಕಂಪನಿ ಬಾಗ್ಲೇ ತೆಗಿಯಲ್ಲ” ಅನ್ನುತ್ತಿದ್ದಳು. ಊರಿಗೆಲ್ಲ ‘ಗುಂಡಿ ಬೇರೆಯವರ ಕೈಗೆ ಕೊಡಬೇಡಿ’ ಅಂತ ವಾರವಾರ ಪಾಠ ಮಾಡುತ್ತಿದ್ದ ಮಹಾತಾಯಿಯ ಮನೆಯ ಕಥೆ ಇದು. ನನಗೇನೂ ಆಶ್ಚರ್ಯ ಇಲ್ಲ ಬಿಡಿ, ವೈದ್ಯರ ಮನೆಯಲ್ಲೇ ಮಾತ್ರೆ ಮರೆಯುವುದು.

ಆದರೆ ಆ ಅತ್ತೆ ಸೊಸೆ ಹೀಗೆ ಕೂಗಿಕೊಳ್ಳುತ್ತಿದ್ದರು ಅನ್ನುವುದೇ ಒಂದು ಪವಾಡ. ಮದುವೆಯಾದಾಗಿನಿಂದ ವರ್ಷಾನುಗಟ್ಟಲೆ ಇಬ್ಬರೂ ಮಾತಾಡುತ್ತಿದ್ದದ್ದು ಗಂಡನ ಮೂಲಕ. “ಸಾರಿಗೆ ಉಪ್ಪು ಸಾಲದು ಅಂತ ನಿನ್ನ ಹೆಂಡತಿಗೆ ಹೇಳಪ್ಪ.” “ಉಪ್ಪಿನ ಡಬ್ಬಿ ಅಲ್ಲೇ ಇದೆ ಅಂತ ನಿಮ್ಮಮ್ಮನಿಗೆ ಹೇಳಿ.” ಗಂಡ ರಸ್ತೆ ಅಳೆಯುವ ಕೆಲಸದವನು. ವಾರವೆಲ್ಲ ಬಿಸಿಲಲ್ಲಿ ರಸ್ತೆ ಅಳೆದು ಬಂದು, ಭಾನುವಾರ ಊಟದ ಮೇಜಿನ ಮೇಲೆ ಅಂಚೆಯವನಾಗುತ್ತಿದ್ದ. ಆಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕಬ್ಬಿಣದ ವಾಕರ್ ಹಿಡಿದು ಹೊಸದಾಗಿ ನಡಿಗೆ ಕಲಿಯಬೇಕಾಯಿತು. ಅದೇ ಹೊತ್ತಿಗೆ ಸೊಸೆಗೆ ಮನೆಯಿಂದ ಕೆಲಸ. ಮಧ್ಯಾಹ್ನ ಊಟಕ್ಕೆ ಮುಂಚೆ ಅತ್ತೆ ನಡುಮನೆಯಿಂದ ಬಾಲ್ಕನಿಗೆ ಟಕ್ ಟಕ್ ಅಂತ ಹೋಗಬೇಕು, ಸೊಸೆ ಹಿಂದೆಯೇ ಕೈ ಚಾಚಿಕೊಂಡು ಬರಬೇಕು, ಮುಟ್ಟಬಾರದು. ಮುಟ್ಟಿದರೆ ಅತ್ತೆಗೆ ಸಿಟ್ಟು, ಬಿಟ್ಟರೆ ಭಯ. ಹೀಗೆ ನಡೆದೂ ನಡೆದೂ ಅಂಚೆಯವನ ಕೆಲಸ ಹೋಯಿತು. ಇಬ್ಬರೂ ಒಬ್ಬರಿಗೊಬ್ಬರು ಒಗ್ಗಿಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ, ಗೊತ್ತಾದ ಮೇಲೆ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಹೀಗಿರುವಾಗ ಕಂಪನಿಯ ಯಜಮಾನರಿಗೆ ಹೊಸ ಕಟ್ಟಡದ ಹುಚ್ಚು ಹಿಡಿಯಿತು. ಮುಂದೆಲ್ಲ ಗಾಜು, ಒಳಗೆ ಮುಖ ಕಾಣುವಂಥ ನೆಲ, ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬಾಗಿಲು. ಕಟ್ಟಿಸಿದ್ದೇನೋ ಕಟ್ಟಿಸಿದರು, ಒಳಗೆ ಇರುವುದಕ್ಕೆ ಜನ ಎಲ್ಲಿ? ಯಜಮಾನರು ಕೆಮ್ಮಿದರೆ ಆ ಕೆಮ್ಮು ನಾಲ್ಕು ಗೋಡೆ ಮುಟ್ಟಿ ಅವರ ಹತ್ತಿರಕ್ಕೇ ವಾಪಸ್ ಬರುತ್ತಿತ್ತು. ಪಾಪ, ಒಂಟಿತನ ಅಂತ ಹೇಳಿಕೊಳ್ಳಲು ಅಭಿಮಾನ ಬಿಡುತ್ತದೆಯೇ? ಭದ್ರತೆ ಅಂದರು. ಎಲ್ಲರನ್ನೂ ಪರದೆಯ ಮೇಲೆ ಕೂರಿಸಿಕೊಂಡು ಗುಡುಗಿದರು: “ಮನೆಮನೆಯಿಂದ ದಾರಿ ಬಿಟ್ರೆ ಕಳ್ಳ ಬರದೇ ಇರ್ತಾನಾ? ನೋಡೇಬಿಡೋಣ. ಒಬ್ಬರನ್ನ ಗೊತ್ತು ಮಾಡಿದೀನಿ. ಕಂಪನಿಗಳಿಗೆ ಕನ್ನ ಹಾಕಿ, ಎಲ್ಲಿ ತೂತಿದೆ ಅಂತ ತೋರಿಸೋದೇ ಅವರ ಕೆಲಸ. ಒಂದು ವಾರ ಟೈಮು. ಅವರು ಒಳಗೆ ನುಗ್ಗಿದ್ರೆ ಸೋಮವಾರದಿಂದ ಎಲ್ಲರೂ ಆಫೀಸಿಗೆ. ನುಗ್ಗದೇ ಇದ್ರೆ ಇದ್ದಲ್ಲೇ ಇರಿ, ನಾನು ಕೇಳಲ್ಲ.”

ಆ ಬಾಡಿಗೆ ಕಳ್ಳ ಪರದೆಯ ಮೇಲೆ ಬಂದು ಕೈ ಮುಗಿದ. ದುಂಡು ಮುಖ, ಮೆತ್ತಗಿನ ಮಾತು, ಒಂದು ಹುಬ್ಬು ಕಪ್ಪು, ಇನ್ನೊಂದು ಹುಬ್ಬು ಬೆಳ್ಳಗೆ. “ತೊಂದರೆ ಕೊಡ್ತೀನಿ, ಕ್ಷಮಿಸಿ” ಅಂದ. ಎಷ್ಟು ವಿನಯ ಅಂದರೆ ಕಾವಲಕ್ಕ ಆಗಲೇ ತನ್ನ ಬೀಗಗಳನ್ನೆಲ್ಲ ಇನ್ನೊಂದು ಸಲ ಎಳೆದು ನೋಡಿದಳು.

ಉಳಿದವರಿಗೆ ಆಫೀಸು ಅಂದರೆ ಬಸ್ಸಿನ ನೂಕುನುಗ್ಗಲು, ಅಷ್ಟೇ. ಕಾವಲಕ್ಕನಿಗೆ ಹಾಗಲ್ಲ. ಅವಳು ಆಫೀಸಿಗೆ ಹೋದರೆ ಅತ್ತೆಯನ್ನು ನೋಡಿಕೊಳ್ಳುವವರು ಯಾರು? ನಾದಿನಿ ಫೋನಿನಲ್ಲಿ ಆಗಲೇ ತೀರ್ಪು ಕೊಟ್ಟಾಗಿತ್ತು: “ಅಮ್ಮನ್ನ ನಮ್ಮನೇಲಿ ಬಿಡಿ ಅತ್ತಿಗೆ.” ನಾದಿನಿಯ ಮನೆ ನಾಲ್ಕನೇ ಮಹಡಿ, ಲಿಫ್ಟು ಇಲ್ಲ. ಒಂದು ಸಲ ಹತ್ತಿಸಿದರೆ ಅತ್ತೆ ಇಳಿಯುವಂತಿಲ್ಲ. ಮನೆಯಲ್ಲಿ ಎಲ್ಲರೂ ಬೆಳಿಗ್ಗೆ ಹೋಗಿ ಸಂಜೆ ಬರುವವರು. ಅತ್ತೆಗೆ ಹೇಳಿದಾಗ, “ಹೋಗ್ತೀನಿ ಬಿಡು, ಮಗಳ ಮನೆ ತಾನೆ, ನನಗೇನು” ಅಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ತಿರುಗಿದ ಮುಖ ನೋಡಿದ ಮೇಲೆ ಕಾವಲಕ್ಕ ಶಪಥ ಮಾಡಿದಳು: ಪ್ರಾಣ ಹೋದರೂ ಈ ಬಿಳಿಹುಬ್ಬಿನವನನ್ನು ಒಳಗೆ ಬಿಡಲ್ಲ.

ಆ ವಾರ ಅವಳು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿ, “ಯಾವ ಮೇಲ್ ಬಂದ್ರೂ ಮುಟ್ಬೇಡಿ, ಸ್ವಂತ ಅಣ್ಣ ಬರೆದಿದ್ರೂ ಅನುಮಾನಪಡಿ” ಅಂದಳು. ಜನ ಎಷ್ಟು ಹೆದರಿದರು ಅಂದರೆ, ಯಜಮಾನರ ನಿಜವಾದ ಮೇಲನ್ನೇ ಯಾರೂ ತೆಗೆಯದೆ ಕಸದಬುಟ್ಟಿಗೆ ಹಾಕಿದರು. ಬಿಳಿಹುಬ್ಬು ಬಿಲ್ಲಿಂಗಿನವರ ಮೇಲೆ ಪ್ರಯತ್ನ ಮಾಡಿದ, ಬೈಸಿಕೊಂಡ. ಸೇಲ್ಸಿನವರ ಹತ್ತಿರ ಹೋದ, ಅವರು ಅವನಿಗೇ ಒಂದು ತೂಕದ ಯಂತ್ರ ಮಾರಲು ನೋಡಿದರು. ವಾರ ಮುಗಿಯುತ್ತ ಬಂತು. ಕಾವಲಕ್ಕ ಉಸಿರು ಬಿಟ್ಟಳು.

ಉಸಿರು ಬಿಟ್ಟಾಗಲೇ ನೋಡಿ ಎಡವಟ್ಟಾಗುವುದು. ಗುರುವಾರ ಬೆಳಿಗ್ಗೆ ಅವಳಿಗೆ ಒಂದು ಮೇಲ್ ಬಂತು. ‘ಮನೆಯಿಂದ ಕೆಲಸ ಮುಂದುವರಿಸಲು ನಿಮಗೆ ವಿಶೇಷ ಅನುಮತಿ ಮಂಜೂರಾಗಿದೆ. ಕಾರಣ: ಮನೆಯಲ್ಲಿ ಹಿರಿಯರ ಆರೈಕೆ. ನೋಡಲು ಪಾಸ್‌ವರ್ಡ್ ಹಾಕಿ.’ ಹಿರಿಯರ ಆರೈಕೆ! ಅವಳೇ ಆ ಮೊದಲ ಮೀಟಿಂಗಿನಲ್ಲಿ ಬಾಯಿತಪ್ಪಿ ಅತ್ತೆಯ ವಿಷಯ ಹೇಳಿದ್ದಳು, ಬಿಳಿಹುಬ್ಬು ಅದನ್ನು ಜೇಬಿಗೆ ಹಾಕಿಕೊಂಡಿದ್ದ. ಆದರೆ ಆ ಕ್ಷಣಕ್ಕೆ ಅದೆಲ್ಲ ಯಾರಿಗೆ ಹೊಳೆಯುತ್ತದೆ? ಬೇರೆಯವರಿಗೆ ಬಂದ ಮೇಲ್ ಆಗಿದ್ದರೆ ಮೈಲಿ ದೂರದಿಂದ ವಾಸನೆ ಹಿಡಿಯುತ್ತಿದ್ದವಳು, ‘ಮಂಜೂರಾಗಿದೆ’ ಅನ್ನುವ ಒಂದು ಪದ ಕಂಡು ಕಣ್ಣು ತುಂಬಿಕೊಂಡು ಪಾಸ್‌ವರ್ಡ್ ಕುಟ್ಟಿಬಿಟ್ಟಳು. ಪುಟ ‘ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ’ ಅಂದಿತು. ಸರಿ, ಸ್ನಾನ ಮಾಡಿ ಬಂದು ನೋಡೋಣ, ಅತ್ತೆಗೆ ಆಮೇಲೇ ಹೇಳೋಣ ಅಂತ ಹಾಡು ಗುನುಗುತ್ತ ಬಚ್ಚಲಿಗೆ ಹೋದಳು.

ಅವಳು ತಲೆಗೆ ನೀರು ಹೊಯ್ದುಕೊಳ್ಳುವಾಗ ನಡುಮನೆಯಲ್ಲಿ ಫೋನು ಟಿಣ್ ಅಂದಿತು. ಅತ್ತೆ ಒಳಗಿನ ಕೂಗಿಗೆ ಕಾದಳು. ಕೂಗಿಲ್ಲ. ಮತ್ತೆ ಟಿಣ್. ಮತ್ತೆ. ಅತ್ತೆ ಒಂದು ಸಲ ಬಚ್ಚಲ ಬಾಗಿಲು ನೋಡಿದಳು, ಒಂದು ಸಲ ಫೋನು ನೋಡಿದಳು. ಪಾಪ, ಯಾರೋ ಅಷ್ಟು ಹೊತ್ತಿಂದ ಬಾಗಿಲಲ್ಲಿ ನಿಂತಿದ್ದಾರೆ, ಕಾಯಿಸುವುದು ಚೆನ್ನಾಗಿರಲ್ಲ. ಹಸಿರು ಒತ್ತಿದಳು.

ಸ್ನಾನ ಮಾಡಿ ಬಂದ ಕಾವಲಕ್ಕ ಲ್ಯಾಪ್‌ಟಾಪ್ ತೆಗೆದರೆ ಪರದೆಯ ತುಂಬ ಒಂದು ದಪ್ಪ ಬೆಕ್ಕಿನ ಚಿತ್ರ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು. ಕೆಳಗೆ ಒಂದೇ ಸಾಲು: ‘ಬಂದು ಹೋದೆ. ತೊಂದರೆಗೆ ಕ್ಷಮಿಸಿ.’

 ಒದ್ದೆ ತಲೆಯಲ್ಲೇ ನಡುಮನೆಗೆ ಓಡಿದಳು. “ಅತ್ತೆ! ಹಸಿರು ಒತ್ತಿದ್ರಾ?”

“ಒತ್ತಿದೆ. ಪಾಪ, ಮೂರು ಸಲ ಕೇಳ್ತು.”

“ನಾನು ಕೂಗಿದ್ನಾ?”

“ನೀನು ಬಚ್ಚಲಲ್ಲಿದ್ದೆ. ಅಲ್ಲಿಂದ ಹೇಗೆ ಕೂಗ್ತೀಯ ಅಂತ ನಾನೇ...”

“ಬಚ್ಚಲಲ್ಲಿರೋಳು ಕಂಪ್ಯೂಟರ್‌ಗೆ ಹೇಗೆ ಅತ್ತೆ ಹೋಗ್ತಾಳೆ? ಯಾರು ಕೇಳಿದ್ರೂ ಬಾ ಅಂತ ಬಿಟ್ಟುಬಿಡೋದಾ? ಮುಗೀತು. ಇನ್ನು ನಾನು ಆಫೀಸಿಗೆ, ನೀವು ನಾಲ್ಕನೇ ಮಹಡಿಗೆ. ಆಯ್ತಾ? ಇನ್ಮೇಲೆ ಹಸಿರು ಮುಟ್ಟಿದ್ರೆ ನೋಡಿ! ಕೇಳಿದ್ರೆ ಕೆಂಪು ಒತ್ತಿ, ಕೆಂಪು!”

ಅತ್ತೆ ‘ಒತ್ತು ಅಂತ ಕಲಿಸಿದ್ದು ನೀನೇ ಕಣೇ’ ಅನ್ನಬಹುದಿತ್ತು. ಅದರ ಬದಲು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಆ ದಿನ ಬಾಲ್ಕನಿಗೆ ನಡೆಯಲು ಏಳಲೂ ಇಲ್ಲ. ಕಾವಲಕ್ಕನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಪಾಸ್‌ವರ್ಡ್ ಕೊಟ್ಟವಳು ತಾನು, ಬೈಸಿಕೊಂಡವಳು ಅತ್ತೆ. ಅದು ಗೊತ್ತಿದ್ದೂ ತಪ್ಪಾಯಿತು ಅನ್ನುವ ಒಂದು ಮಾತು ಅವಳ ಬಾಯಿಂದ ಹೊರಡಲಿಲ್ಲ. ಬಿಮ್ಮು ನೋಡಿ, ಬಿಮ್ಮು! ಪಾಸ್‌ವರ್ಡ್ ಮಾತ್ರ ಬದಲಾಯಿಸಿದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ಮರುದಿನ ಶುಕ್ರವಾರ, ಮಧ್ಯಾಹ್ನಕ್ಕೆ ಯಜಮಾನರ ಕೊನೆಯ ಮೀಟಿಂಗು. ಬಿಳಿಹುಬ್ಬು ವರದಿ ಒಪ್ಪಿಸುತ್ತಾನೆ, ಯಜಮಾನರು ತೀರ್ಮಾನ ಹೇಳುತ್ತಾರೆ. ಕಾವಲಕ್ಕನಿಗೆ ಉಳಿದಿದ್ದ ಆಸೆ ಒಂದೇ: ಆ ಮೀಟಿಂಗಿನಲ್ಲಿ ತಾನೇ ಮೊದಲು ಮಾತಾಡಿ, ತಪ್ಪು ಒಪ್ಪಿಕೊಂಡು, ಕಾಲಿಗೆ ಬಿದ್ದಾದರೂ ಸರಿ ಇನ್ನೊಂದು ಅವಕಾಶ ಕೇಳುವುದು. ತಾನಿಲ್ಲದಿದ್ದರೆ ವಕೀಲರಿಲ್ಲದ ಮೊಕದ್ದಮೆ, ಸೋತಂತೆಯೇ. ಬೆಳಿಗ್ಗೆ ಲಾಗಿನ್ ಆಗಲು ಕೂತಳು. ಹೊಸ ಪಾಸ್‌ವರ್ಡ್ ಹಾಕಿದಳು. ಬಾಗಿಲು ತೆರೆಯಲಿಲ್ಲ. ಇಂಟರ್ನೆಟ್ಟಿನ ಬೇಸರ ಇರಬೇಕು ಅಂದುಕೊಂಡು ಮತ್ತೆ ಹಾಕಿದಳು. ಊಹೂಂ. ಮೂರನೇ ಸಲ ಹಾಕಿದ ಮೇಲೆ ಪರದೆ ಕೆಂಪಾಗಿ ‘ಖಾತೆಗೆ ಬೀಗ ಹಾಕಲಾಗಿದೆ’ ಅಂದಿತು.

ನಡುಮನೆಯಿಂದ ಅತ್ತೆಯ ದನಿ ಬಂತು, ಗೆದ್ದ ದನಿ. “ಬಂದಿದ್ದ ಕಣೇ ಮತ್ತೆ! ಮೂರು ಸಲ ಬಂದ! ಮೂರು ಸಲಾನೂ ಕೆಂಪು ಒತ್ತಿ ಓಡಿಸಿದೀನಿ!”

ಮೀಟಿಂಗಿನ ಚಿಂತೆಯಲ್ಲಿ ಫೋನು ಅತ್ತೆಯ ಹತ್ತಿರ ಇರುವುದನ್ನೇ ಮರೆತಿದ್ದ ಕಾವಲಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಡುಮನೆಗೆ ಬಂದು ಫೋನು ತೆಗೆದುಕೊಂಡು, ಇನ್ನು ಆ ಬೀಗ ತೆಗೆಯಬಲ್ಲವನು ಅವನೊಬ್ಬನೇ ಅಂತ ಮೆಷಿನ್‌ರೂಮಿನವನಿಗೆ ಕರೆ ಮಾಡಿದಳು.

“ಅಯ್ಯೋ ಅಕ್ಕಾ,” ಅಂದ ಅವನು. ಅವನ ದನಿಯಲ್ಲಿ ಜೇನು ತೊಟ್ಟಿಕ್ಕುತ್ತಿತ್ತು. “ನನಗೂ ತೆಗಿಬೇಕು ಅಂತಾನೇ ಆಸೆ. ಆದ್ರೆ ಬಂದು ಮುಖ ತೋರಿಸ್ಬೇಕಲ್ಲ? ರೂಲ್ ಅಂದ್ರೆ ರೂಲ್. ಬರ್ತಾ ಮಫ್ಲರ್ ತನ್ನಿ, ಇಲ್ಲಿ ಎ.ಸಿ. ಜಾಸ್ತಿ.”

ಬೇರೆ ದಾರಿ ಇರಲಿಲ್ಲ. ಕೆಳಗಿನ ಮನೆಯಾಕೆಗೆ ಆಗಾಗ ಒಂದು ಕೂಗು ಹಾಕಿ ವಿಚಾರಿಸಿಕೊಳ್ಳಲು ಹೇಳಿ, ಚಪ್ಪಲಿ ಮೆಟ್ಟಿಕೊಳ್ಳುತ್ತ ಅತ್ತೆಗೆ ಅಂದಳು: “ಒಳಗಿಂದ ಚಿಲಕ ಹಾಕ್ಕೊಳ್ಳಿ. ನಾನೇ ಅಂತ ಖಾತ್ರಿ ಆಗೋವರೆಗೂ ಯಾರಿಗೂ ತೆಗಿಬೇಡಿ.” ಅತ್ತೆ ಗಂಭೀರವಾಗಿ ತಲೆಯಾಡಿಸಿದಳು.

ಎರಡು ಬಸ್ಸು ಬದಲಾಯಿಸಿ ಬೆವರೊರೆಸಿಕೊಳ್ಳುತ್ತ ಹೊಸ ಕಟ್ಟಡದ ಮುಂದೆ ಇಳಿದಳು. ಅದನ್ನು ಅವಳು ನೋಡುತ್ತಿದ್ದದ್ದೇ ಮೊದಲು. ಗಾಜಿನ ಬಾಗಿಲ ಒಳಗೆ ಯಜಮಾನರು ಒಬ್ಬರೇ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಅಲ್ಲಿ ನಿಲ್ಲುವುದಕ್ಕೆ ಬೇರೆ ಯಾರೂ ಇಲ್ಲವಲ್ಲ. ಅವಳಿಗಿಂತ ಸ್ವಲ್ಪ ಮುಂದೆ ಒಬ್ಬ ಟೋಪಿಯವನು ಮೂಗಿನವರೆಗೂ ಬರುವ ದೊಡ್ಡ ರಟ್ಟಿನ ಡಬ್ಬ ಅಪ್ಪಿಕೊಂಡು ಏದುಸಿರು ಬಿಡುತ್ತ ಬಾಗಿಲ ಹತ್ತಿರ ಬಂದ. ಎರಡೂ ಕೈ ತುಂಬಿವೆ, ಕಾರ್ಡು ಎಲ್ಲಿಂದ ತೋರಿಸ್ತಾನೆ? ಯಜಮಾನರು ಓಡಿಬಂದು ತಾವೇ ಬಾಗಿಲು ಎಳೆದು ಹಿಡಿದರು. “ಬನ್ನಿ ಬನ್ನಿ, ಭಾರ ಇದೆಯೇನೋ, ಪಾಪ. ಆ ಕಡೆ ಮೀಟಿಂಗ್ ರೂಮಿದೆ, ಅಲ್ಲೇ ಇಳಿಸಿ.” ಡಬ್ಬದವನು ಒಳಗೆ ನುಸುಳುತ್ತ ಒಮ್ಮೆ ಪಕ್ಕಕ್ಕೆ ತಿರುಗಿದ. ಡಬ್ಬದ ಮೇಲೆ, ಟೋಪಿಯ ಕೆಳಗೆ, ಒಂದು ಬಿಳಿ ಹುಬ್ಬು.

ಕಾವಲಕ್ಕ ನಿಂತಲ್ಲೇ ನಿಂತಳು. ಆಮೇಲೆ ಬಾಗಿಲಿಗೆ ಹಾರಿದಳು. ಅಷ್ಟರಲ್ಲಿ ಯಜಮಾನರು ಅವಳ ಮೂಗಿನ ಮುಂದೆಯೇ ಬಾಗಿಲು ಮುಚ್ಚಿ ಅಡ್ಡ ನಿಂತಿದ್ದರು.

“ಕಾರ್ಡ್ ಎಲ್ಲಮ್ಮ?”

“ಕಾರ್ಡ್ ಇಲ್ಲ ಯಜಮಾನ್ರೇ, ಆದ್ರೆ ಆ ಡಬ್ಬದವರು...”

“ಬೇರೆಯವರ ವಿಚಾರ ಬಿಡಿ. ಕಾರ್ಡ್ ಇಲ್ಲದೆ ಇಲ್ಲಿ ನೊಣಾನೂ ಒಳಗೆ ಬರಲ್ಲ. ಭದ್ರತೆ ಅಂದ್ರೆ ಭದ್ರತೆ.”

“ಯಜಮಾನ್ರೇ, ದಯವಿಟ್ಟು ಕೇಳಿ, ಆ ಡಬ್ಬ...”

“ಏನಮ್ಮ ಡಬ್ಬ ಡಬ್ಬ ಅಂತೀಯ! ಯಾರು ನೀನು?”

“ನಾನು ನಿಮ್ಮ ಕಂಪನಿ ಕಾವಲು!” ಅಂತ ಗಾಜಿಗೆ ಮುಖ ಒತ್ತಿ ಕೂಗಿದಳು.

ಆ ದನಿಯ ಪರಿಚಯ ಯಜಮಾನರಿಗೆ ಇತ್ತು. ಮುಖದ ಪರಿಚಯ ಇರಲಿಲ್ಲ. ಹಳೆ ಆಫೀಸಿನಲ್ಲಿ ಅವರು ಯಾರ ಮುಖವನ್ನೂ ಸರಿಯಾಗಿ ನೋಡಿದವರಲ್ಲ; ಮನೆ ಸೇರಿದ ಮೇಲೆ, ಬೆನ್ನ ಹಿಂದೆ ಒಣಗುವ ಬಟ್ಟೆ ಕಾಣುತ್ತದೆ ಅಂತ ಅವಳು ಒಂದು ದಿನವೂ ಕ್ಯಾಮೆರಾ ಹಾಕಿದವಳಲ್ಲ. ಅವರು ಬಗ್ಗಿ ನೋಡಿ ಅಂದರು: “ನೀವೇನಾ?”

ಕೊನೆಗೆ ಮೆಷಿನ್‌ರೂಮಿನವನನ್ನು ಕರೆಸಿ ಗುರುತು ಹಿಡಿಸಿಯೇ ಒಳಗೆ ಬಿಟ್ಟರು. ಅವನು ಬೇಕೆಂದೇ ನಿಧಾನವಾಗಿ ಬಂದು, ಅವಳನ್ನು ಎಡದಿಂದ ನೋಡಿ, ಬಲದಿಂದ ನೋಡಿ, “ಇರಬಹುದು” ಅಂದ. ಇಷ್ಟೆಲ್ಲ ಆಗುವ ಹೊತ್ತಿಗೆ ಡಬ್ಬದವನ ಕೆಲಸ ಮುಗಿದಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಮೀಟಿಂಗಿನಲ್ಲಿ ಉದ್ದ ಮೇಜಿನ ಒಂದು ತುದಿಗೆ ಯಜಮಾನರು, ಇನ್ನೊಂದು ತುದಿಗೆ ಕಾವಲಕ್ಕ. ಟೋಪಿ ತೆಗೆದು ತಲೆ ಬಾಚಿಕೊಂಡು ಬಂದ ಬಿಳಿಹುಬ್ಬು ನಡುವೆ. ಗೋಡೆಯ ದೊಡ್ಡ ಪರದೆಯ ತುಂಬ ಮನೆಮನೆಯ ಮುಖಗಳು, ಎಲ್ಲರ ಕಣ್ಣೂ ಅವಳ ಮೇಲೆ. ಯಾರೂ ಕೇಳುವ ಮೊದಲೇ ಅವಳು ಎದ್ದು ನಿಂತಳು.

“ಬಾಗಿಲು ತೆಗೆದುಕೊಟ್ಟಿದ್ದು ನಾನೇ,” ಅಂದಳು. “ಬೇರೆ ಯಾರೂ ಮೋಸ ಹೋಗಲಿಲ್ಲ. ಮನೇಲೇ ಇರಬಹುದು ಅಂತ ಮೇಲ್ ಬಂತು, ಆಸೆಗೆ ಬಿದ್ದು ಪಾಸ್‌ವರ್ಡ್ ಹಾಕಿದೆ. ಫೋನಿನ ಗುಂಡಿ ನಮ್ಮತ್ತೆ ಕೈಗೆ ಕೊಟ್ಟಿದ್ದೂ ನಾನೇ. ಓಡಾಡೋ ಸೋಮಾರಿತನಕ್ಕೆ ಕೊಟ್ಟೆ. ಅವರು ನಾನು ಕಲಿಸಿದ್ದನ್ನ ಮಾಡಿದ್ರು, ಅವರ ತಪ್ಪೇನೂ ಇಲ್ಲ.”  ನಿನ್ನೆ ಮನೆಯಲ್ಲಿ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಪರರ ಮುಂದೆ ಹೇಳುತ್ತಿದ್ದೇನಲ್ಲ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಯಜಮಾನರು ಮೇಜು ಗುದ್ದಿದರು. “ನೋಡಿದ್ರಾ! ಕಾವಲಿನವರ ಮನೇಲೇ ಹೀಗೆ! ಅದಕ್ಕೇ ನಾನು ಹೇಳಿದ್ದು. ಸೋಮವಾರದಿಂದ ಎಲ್ಲರೂ...”

“ಕ್ಷಮಿಸಿ,” ಅಂದ ಬಿಳಿಹುಬ್ಬು ಮೆತ್ತಗೆ. “ವರದಿ ಇನ್ನೂ ಮುಗಿದಿಲ್ಲ.” ಅಂದು ತನ್ನ ಫೋನು ಒಮ್ಮೆ ಮುಟ್ಟಿದ. ಗೋಡೆಯ ಮೇಲಿದ್ದ ಅಷ್ಟೂ ಮುಖಗಳು ಮಾಯವಾಗಿ, ಆಳೆತ್ತರದ ದಪ್ಪ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯತೊಡಗಿತು. ಯಜಮಾನರ ಮುಂದಿದ್ದ ಲ್ಯಾಪ್‌ಟಾಪಿನಲ್ಲೂ ಅದೇ ಬೆಕ್ಕು.

“ಇದು... ಇದು ಹೇಗೆ?”

“ಈ ಮೇಜಿನ ಕೆಳಗೆ, ಕಂಪ್ಯೂಟರ್ ತಂತಿ ಹಾಕೋ ಸಾಕೆಟ್ಟಿಗೆ, ಒಂದು ಪುಟ್ಟ ಪೆಟ್ಟಿಗೆ ಸಿಕ್ಕಿಸಿದೀನಿ. ಮನೆಗಳ ಕಡೆಯಿಂದ ಬರೋಕೆ ನನಗೆ ಹೆಚ್ಚುಕಡಿಮೆ ವಾರ ಹಿಡೀತು, ಬೈಗುಳಾನೂ ತಿಂದೆ. ಇಲ್ಲಿ ಏನೂ ತೊಂದರೆ ಆಗಲಿಲ್ಲ. ಬಾಗಿಲು ತೆಗೆದು ಹಿಡಿದ್ರು.”

“ಯಾರು ಆ ಅವಿವೇಕಿ?” ಅಂತ ಯಜಮಾನರು ಗರ್ಜಿಸಿದರು.

ಬಿಳಿಹುಬ್ಬು ವಿನಯದಿಂದ ಮೇಜು ನೋಡಿದ. ಕಾವಲಕ್ಕ ಮಾತ್ರ ಸುಮ್ಮನಿರಲಿಲ್ಲ. “ಯಜಮಾನ್ರೇ, ಆ ಡಬ್ಬ,” ಅಂದಳು.

 ಯಜಮಾನರು ಬಿಳಿ ಹುಬ್ಬನ್ನೇ ದಿಟ್ಟಿಸಿದರು. “ಎರಡೂ ಕೈಯಲ್ಲಿ ಭಾರ ಹೊತ್ತಿದ್ರು ಕಣ್ರೀ,” ಅಂದರು ಕೊನೆಗೆ, ಸಣ್ಣ ದನಿಯಲ್ಲಿ. “ಪಾಪ ಅನ್ನಿಸ್ತು.”

“ನಮ್ಮತ್ತೆಗೂ ಹಾಗೇ ಅನ್ನಿಸಿದ್ದು.”

ಗೋಡೆಯ ಮೇಲೆ ಬೆಕ್ಕು ಹಾಲು ಕುಡಿಯುತ್ತಲೇ ಇತ್ತು. ಇದೇ ಸಮಯ ಅಂತ ಕಾವಲಕ್ಕ ಒಂದೇ ಉಸಿರಿಗೆ ಹೇಳಿಬಿಟ್ಟಳು: ಹಸಿರು ಗುಂಡಿಯನ್ನೇ ಕಿತ್ತುಹಾಕೋಣ. ಇನ್ಮೇಲೆ ಕಂಪ್ಯೂಟರಿನ ಪರದೆ ಒಂದು ಸಂಖ್ಯೆ ತೋರಿಸಲಿ, ಅದನ್ನು ನೋಡಿ ಫೋನಿನಲ್ಲಿ ಹಾಕಬೇಕು. ಪರದೆಯ ಮುಂದೆ ಕೂತವರಿಗೆ ಮಾತ್ರ ಆ ಸಂಖ್ಯೆ ಗೊತ್ತು, ನಡುಮನೆಯಲ್ಲಿ ಕೂತವರು ಪಾಪ ಅಂದುಕೊಂಡರೂ ಒತ್ತೋಕಾಗಲ್ಲ. ಇಲ್ಲಿ ಮೇಜು, ಗೋಡೆಗಳಲ್ಲಿ ಖಾಲಿ ಇರುವ ಇಂಥ ಸಾಕೆಟ್ಟುಗಳನ್ನೆಲ್ಲ ಮುಚ್ಚಿಸಿ. ಒಂದು ತಿಂಗಳು ಕೊಡಿ, ಆಮೇಲೆ ಇವರನ್ನೇ ಮತ್ತೆ ಕರೆಸಿ.

ಯಜಮಾನರು ಬಹಳ ಹೊತ್ತು ಗಲ್ಲ ಕೆರೆದುಕೊಂಡರು. “ಅಲ್ಲ, ನೀವು ಇವತ್ತು ಇಲ್ಲಿಗೆ ಯಾಕೆ ಬಂದ್ರಿ? ಮನೆಯಿಂದಲೇ ಮಾತಾಡಬಹುದಿತ್ತಲ್ಲ?”

ಅವಳು ಮೂರು ಕೆಂಪಿನ ಕಥೆ ಹೇಳಿದಳು. ಯಜಮಾನರು ಮೊದಲು ಕೆಮ್ಮಿದರು, ಆಮೇಲೆ ಆ ಕೆಮ್ಮು ನಗುವಾಯಿತು. ಆ ನಗು ನಾಲ್ಕು ಗೋಡೆ ಮುಟ್ಟಿ ವಾಪಸ್ ಬಂತು. “ಹೇಳಿದ ಮಾತನ್ನ ಒಂದೇ ಸಲಕ್ಕೆ ಕೇಳಿದ ಮನುಷ್ಯರು ಈ ಕಂಪನಿಲೇ ಇಲ್ಲ ಕಣ್ರೀ. ನಿಮ್ಮತ್ತೆ ಒಬ್ಬರೇ!” ಅಂದು ಕಣ್ಣೊರೆಸಿಕೊಂಡರು. “ಇರಿ, ಎಲ್ಲರೂ ಇದ್ದಲ್ಲೇ ಇರಿ. ತಿಂಗಳಿಗೊಂದು ಸಲ ಮಾತ್ರ ಬಂದು ಒಟ್ಟಿಗೆ ಊಟ ಮಾಡ್ಕೊಂಡು ಹೋಗಿ. ಇಲ್ಲಿ ನನಗೆ ನನ್ನ ಕೆಮ್ಮೇ ಕೇಳಿ ಕೇಳಿ ಸಾಕಾಗಿದೆ.”

ಎರಡು ಬಸ್ಸು ಬದಲಾಯಿಸಿ ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಕಾವಲಕ್ಕ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಾಗಿಲು ತಟ್ಟಿದಳು.

“ಯಾರು?” ಅಂತ ಒಳಗಿಂದ ಅತ್ತೆಯ ದನಿ ಬಂತು.

“ನಾನು ಅತ್ತೆ.”

“ನಾನು ಅಂದ್ರೆ? ನಾನು ಅಂತ ಎಲ್ಲರೂ ಅಂತಾರೆ.”

“ಅಯ್ಯೋ, ನಿಮ್ಮ ಸೊಸೆ! ದನಿ ಗೊತ್ತಾಗಲ್ವಾ?”

“ದನಿ ಯಾರು ಬೇಕಾದ್ರೂ ಮಾಡ್ತಾರೆ. ಖಾತ್ರಿ ಆಗದೆ ತೆಗಿಬೇಡಿ ಅಂದಿದಾಳೆ. ನನ್ನ ಸೊಸೇಗೆ ಮಾತ್ರ ಗೊತ್ತಿರೋದು ಏನಾದ್ರೂ ಹೇಳು, ನೋಡೋಣ.”

ಕಾವಲಕ್ಕ ಬಾಗಿಲಿಗೆ ಹಣೆ ಒರಗಿಸಿ ನಿಂತಳು. ಮಾತ್ರೆಯ ಹೆಸರು ಹೇಳಬಹುದಿತ್ತು, ಸಾರಿನ ಉಪ್ಪಿನ ಜಗಳ ಹೇಳಬಹುದಿತ್ತು. ಬಾಯಿಂದ ಬಂದದ್ದು ಬೇರೆ.

“ನಿನ್ನೆ ನಾನು ನಿಮ್ಮನ್ನ ಬೈದೆ ಅತ್ತೆ. ತಪ್ಪು ನನ್ನದೇ ಆಗಿತ್ತು. ಅದನ್ನ ಹೇಳೋಕೆ ನನಗೆ ಬಾಯಿ ಬರಲಿಲ್ಲ. ನೀವು ನಾಲ್ಕನೇ ಮಹಡಿಗೆ ಹೋಗೋದು ಬೇಡ. ನಾನು ಮನೇಲೇ ಇರ್ತೀನಿ, ನೀವೂ ಇಲ್ಲೇ ಇರಿ. ನೀವಿಲ್ಲದೆ ನನಗೆ ಈ ಮನೇಲಿ ಬೇಜಾರಾಗುತ್ತೆ.”

  ಒಳಗೆ ಟಕ್ ಅಂತು. ಮತ್ತೆ ಟಕ್, ಟಕ್. ಕುರ್ಚಿಯಿಂದ ಬಾಗಿಲವರೆಗೆ ಅತ್ತೆಗೆ ಅದು ದೊಡ್ಡ ಪ್ರಯಾಣ, ಹಿಂದೆ ಕೈ ಚಾಚಿಕೊಂಡು ಬರುವವರು ಯಾರೂ ಇಲ್ಲ. ಕಾವಲಕ್ಕ ಆಚೆ ಕಡೆ ಉಸಿರು ಬಿಗಿಹಿಡಿದು, ಬಾಗಿಲಿಗೇ ಕೈ ಚಾಚಿ ನಿಂತಿದ್ದಳು. ಚಿಲಕ ಸರಿಯಿತು. ವಾಕರ್ ಹಿಡಿದು ನಿಂತಿದ್ದ ಅತ್ತೆ ಅವಳನ್ನು ಕನ್ನಡಕದ ಮೇಲಿಂದ ನೋಡಿದಳು. ಕಣ್ಣು ಒದ್ದೆಯಾಗಿತ್ತು.

“ನನ್ನ ಸೊಸೆ ಇಷ್ಟು ಒಳ್ಳೇ ಮಾತು ಆಡೋಳೇ ಅಲ್ಲ,” ಅಂದಳು ಅತ್ತೆ. “ಆದ್ರೂ ಒಳಗೆ ಬಾ.”